ಅಕ್ಕನನ್ನು ಕಂಡರಾಗದ ಹಳದಿ ಗಾಡಿ

ನಮ್ಮ ಭಾವನ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ. ಹಳದಿಯವರು, ಮಿಕ್ಕವರು! ಇಷ್ಟು ಹೇಳಿದ ಮಾತ್ರಕ್ಕೆ ಅವರನ್ನು ಜಾತಿವಾದಿ ಎಂದುಕೊಂಡುಬಿಟ್ಟೀರಿ, ಜೋಕೆ. ಅವರು ಗೋತ್ರ ಕೇಳುವವರಲ್ಲ, ಊರು ಕೇಳುವವರಲ್ಲ, ಸಂಬಳವನ್ನಂತೂ ಕೇಳುವವರೇ ಅಲ್ಲ. ಅಮೆರಿಕದ ಕನ್ನಡಿಗರಲ್ಲಿ ಇಂಥ ಸಭ್ಯರು ಸಿಗುವುದು ಅಪರೂಪ. ಯಾರೇ ಎದುರಾದರೂ ಅವರು ಕೇಳುವುದು ಒಂದೇ ಪ್ರಶ್ನೆ. “ನಿಮ್ದು ಯಾವ ಕಲರ್ರೀ?”

ಕಲರ್ ಎಂದರೆ ಮೈಬಣ್ಣವಲ್ಲ, ಸ್ನೋಮೊಬೈಲಿನ ಬಣ್ಣ. ಸ್ನೋಮೊಬೈಲ್ ನೋಡದವರಿಗೆ ಹೇಳಿಬಿಡುತ್ತೇನೆ. ಅದು ಹಿಮದ ಮೇಲೆ ಓಡುವ ಸ್ಕೂಟರು. ಮುಂದೆ ಚಕ್ರದ ಬದಲು ಎರಡು ಉದ್ದನೆಯ ಹಲಗೆ, ಹಿಂದೆ ಗರಗರ ತಿರುಗುವ ಅಗಲವಾದ ರಬ್ಬರ್ ಪಟ್ಟಿ. ಹಳೇ ಗಾಡಿಯಾದರೆ ಕೀಲಿಕೈ ತಿರುಗಿಸಿದರೆ ಸಾಲದು, ಬಾವಿಯಿಂದ ನೀರು ಸೇದುವವರ ಹಾಗೆ ಹಗ್ಗ ಹಿಡಿದು ಎಳೆಯಬೇಕು. ಮಿಷಿಗನ್ನಿನ ಜನಕ್ಕೆ ಇದರ ಹುಚ್ಚು ವಿಪರೀತ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಹಳದಿ ಕೊಂಡವನು ಸಾಯುವ ತನಕ ಹಳದಿ, ಹಸಿರು ಕೊಂಡವನು ಸತ್ತ ಮೇಲೂ ಹಸಿರು. ಕಂಪನಿಗಳ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಭಾವ ಇದನ್ನು ಓದಿ, “ನಮ್ಮ ಕಂಪನಿ ಹೆಸರನ್ನ ಅವರ ಹೆಸರಿನ ಪಕ್ಕ ಯಾಕೆ ಬರೆದೆ?” ಎಂದು ಜಗಳಕ್ಕೆ ಬರುತ್ತಾರೆ.

ಈ ಪುರಾಣವೆಲ್ಲ ಈಗ ಯಾಕೆ ಎಂದಿರಾ? ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಅಕ್ಕನ ಫೋನು ಬಂತು. ನಾವು ಶಿಕಾಗೋ ಪಕ್ಕದ ವೆಸ್ಟ್‌ಮಂಟಿನಲ್ಲಿ, ಅಕ್ಕ ಭಾವ ಮಿಷಿಗನ್ನಿನ ಡೆಟ್ರಾಯಿಟ್ ಪಕ್ಕದ ವಿಕ್ಸಮ್ಮಿನಲ್ಲಿ.

“ಈ ವೀಕೆಂಡ್ ಬಂದು ಆ ದರಿದ್ರ ಗಾಡೀನ ಮಾರಿಸ್ಕೊಡೇ,” ಎಂದಳು ಅಕ್ಕ. “ಮೊನ್ನೆ ನಿಮ್ಮ ಭಾವ ಹಗ್ಗ ಎಳೆಯಕ್ಕೆ ಹೋಗಿ ಮತ್ತೆ ಅಂಗಾತ ಬಿದ್ರು. ಸೊಂಟ ಹಿಡ್ಕೊಂಡುಬಿಟ್ಟಿದೆ. ಡಾಕ್ಟ್ರು ಬೆಲ್ಟ್ ಕೊಟ್ಟಿದಾರೆ. ಇನ್ನೊಂದ್ಸಲ ಬಿದ್ರೆ ಏಳೋದೇ ಕಷ್ಟ ಅಂದಿದಾರೆ. ನನ್ನ ಮಾತು ಕೇಳಲ್ಲ, ನಾದಿನಿ ಮಾತಾದ್ರೂ ಕೇಳ್ತಾರೇನೋ.”

“ಮಾರಲ್ಲ ಅಂದ್ರೆ?”

“ಗ್ಯಾರಾಜಲ್ಲಿ ಒಂದೋ ಅದಿರ್ಬೇಕು, ಇಲ್ಲಾ ನಾನಿರ್ಬೇಕು ಅಂತ ಹೇಳಿದೀನಿ.”

“ನೀನ್ಯಾಕೆ ಗ್ಯಾರಾಜಲ್ಲಿರ್ತೀಯ ಅಕ್ಕಾ?”

“ತಲೆಹರಟೆ ಮಾಡ್ಬೇಡ, ಹೊರಟು ಬಾ!”

ಅಕ್ಕನ ದನಿಯಲ್ಲಿ ತಮಾಷೆ ಇರಲಿಲ್ಲ. ಭಾವನ ಸೊಂಟದ ವಿಷಯದಲ್ಲಿ ಅವಳು ನಿಜವಾಗಿಯೂ ಹೆದರಿದ್ದಳು. ಇತ್ತ ಭಾವನಿಂದ ಹಳದಿ ಗಾಡಿಯನ್ನು ಬಿಡಿಸುವುದೆಂದರೆ ಮಗುವಿನ ಬಾಯಿಂದ ಚಾಕೊಲೇಟು ಕಿತ್ತುಕೊಂಡ ಹಾಗೆ. ಈ ಇಬ್ಬರ ಮಧ್ಯೆ ಸಿಕ್ಕಿಬಿದ್ದವಳು ನಾನು.

ಭಾವ ಈ ಗಾಡಿ ಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ. ಆಗ ನಾನಿನ್ನೂ ಮೈಸೂರಿನಲ್ಲಿದ್ದೆ, ಹಾಗಾಗಿ ಇದೆಲ್ಲ ಅಕ್ಕನ ಬಾಯಿಂದ ಕೇಳಿದ್ದು. ಭಾವ ಎಂದರೆ ಸಾಮಾನ್ಯರಲ್ಲ, ಕಾರಿನ ಬಾಗಿಲಿನ ಕೀಲು ಡಿಸೈನ್ ಮಾಡುವ ಎಂಜಿನಿಯರು. ಆದರೆ ಚಳಿಯೆಂದರೆ ಪ್ರಾಣಭಯ. ಜುಲೈ ತಿಂಗಳಲ್ಲೂ ಆಫೀಸಿನ ಎ.ಸಿ.ಗೆ ಹೆದರಿ ಮಂಕಿಕ್ಯಾಪು ಹಾಕಿಕೊಂಡು ಕೂರುವ ಮನುಷ್ಯ. ಮೈಸೂರಿನಲ್ಲಿ ಅವರು ಓಡಿಸಿದ ಅತಿ ವೇಗದ ವಾಹನ ಸೈಕಲ್ಲು, ಅದೂ ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದರಂತೆ. ಇಂಥವರು ಒಂದು ಶನಿವಾರ ಹಿಮ ಎತ್ತಿಹಾಕುವ ಸಲಿಕೆ ತರುತ್ತೇನೆಂದು ಹೊರಗೆ ಹೋದವರು, ಪಕ್ಕದ ಮನೆಯವನ ಪಿಕಪ್ ಟ್ರಕ್ಕಿನ ಹಿಂದೆ ಒಂದು ಹಳದಿ ಸ್ನೋಮೊಬೈಲ್ ಹಾಕಿಕೊಂಡು ಬಂದರು! ಯಾರೋ ಮನೆಯ ಹಳೇ ಸಾಮಾನು ಮಾರಲು ಇಟ್ಟಿದ್ದ ಗ್ಯಾರಾಜ್ ಸೇಲಿನಲ್ಲಿ ಸಿಕ್ಕಿದ್ದಂತೆ. ಎಷ್ಟು ಕೈ ಬದಲಾಯಿಸಿತ್ತೋ ಏನೋ, ಸೀಟಿನ ತುಂಬ ಹರಿದ ಜಾಗಕ್ಕೆಲ್ಲ ಟೇಪು ಸುತ್ತಿತ್ತು.

“ಸಲಿಕೆ ಎಲ್ರೀ?” ಎಂದಳಂತೆ ಅಕ್ಕ.

“ಸಲಿಕೆ ಯಾಕೆ? ಹಿಮ ಎತ್ತೋ ಗೋಜೇ ಇಲ್ಲ, ಅದರ ಮೇಲೇ ಹೋಗೋದು!” ಎಂದರಂತೆ ಭಾವ.

ಮಂಕಿಕ್ಯಾಪು ಕಟ್ಟಿಕೊಂಡು, ಅಂಗಳದ ಹಿಮದಲ್ಲಿ ಗಾಡಿ ನಿಲ್ಲಿಸಿ, ಅಕ್ಕನನ್ನು ಹೊರಗೆ ಕರೆದು, ಹಗ್ಗ ಹಿಡಿದು ಎಳೆದರು. ಗಾಡಿ ಗೊಣಗಿ ಸುಮ್ಮನಾಯಿತು. ಮತ್ತೆ ಎಳೆದರು. ಊಹೂಂ. ಕಾಲು ಕೊಟ್ಟು, ಹಲ್ಲು ಕಚ್ಚಿ, ಶಕ್ತಿಯೆಲ್ಲ ಬಿಟ್ಟು ಎಳೆದಾಗ ಹಿಡಿ ಕೈಜಾರಿತು. ಭಾವ ಹಿಂದಕ್ಕೆ ಹಾರಿ ಹಿಮದ ರಾಶಿಯೊಳಗೆ ಮಾಯ! ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು ಮತ್ತು ಮಂಕಿಕ್ಯಾಪಿನ ಮೇಲಿನ ಉಣ್ಣೆಯ ಕುಚ್ಚು ಮಾತ್ರ. ಅಕ್ಕ ನಕ್ಕು ನಕ್ಕು ನಿಲ್ಲಲಾಗದೆ ಹಿಮದ ಮೇಲೇ ಕುಳಿತುಬಿಟ್ಟಳಂತೆ. ಆಮೇಲೆ ಕಣ್ಣೊರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೊರಗೆ ಡುರ್ರ್ ಎಂದು ಸದ್ದು. ಗಾಡಿ ಸ್ಟಾರ್ಟ್ ಆಗಿತ್ತು.

ಅಂದಿನಿಂದ ಶುರುವಾಯಿತು ನೋಡಿ ಅಕ್ಕನಿಗೂ ಆ ಗಾಡಿಗೂ ವೈರ. ಅಕ್ಕ ಎದುರಿಗೆ ನಿಂತಿದ್ದರೆ ಅದು ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗದು. ಭಾವ ಎಳೆಯುತ್ತಾರೆ, ಬೀಳುತ್ತಾರೆ, ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಒಳಗೆ ಹೋಗುತ್ತಾಳೆ. ಬಾಗಿಲು ಮುಚ್ಚುವುದೇ ತಡ, ಡುರ್ರ್!

“ನನ್ನ ಕಂಡ್ರೆ ಆಗಲ್ಲ ಆ ಸವತಿಗೆ,” ಎನ್ನುತ್ತಿದ್ದಳು ಅಕ್ಕ. ಅದರ ಮೇಲೆ ಒಂದು ದಿನವೂ ಕೂರುವುದಿಲ್ಲ ಎಂದು ಶಪಥ ಮಾಡಿದ್ದಳು, ಮಾಡಿದಂತೆ ನಡೆದುಕೊಂಡೂ ಇದ್ದಳು.

ನಮ್ಮವರು ಧಾರವಾಡದವರು, ಶಾಮ್‌ಬರ್ಗಿನಲ್ಲಿ ಕಂಪ್ಯೂಟರ್ ಕೆಲಸ. ಇದನ್ನು ಮೊದಲ ಸಲ ನೋಡಿದಾಗ ಅವರು ಬಹಳ ಹೊತ್ತು ಯೋಚಿಸಿ ಹೇಳಿದ್ದು ಇಷ್ಟು: “ಗಾಡಿಗೂ ಮನಸ್ಸು ಅನ್ನೋದು ಇರ್ತೈತಿ ನೋಡ್ರಿ. ಇದು ಥೇಟ್ ನಮ್ಮ ಆಫೀಸಿನ ಸರ್ವರ್ ಇದ್ದಾಂಗ ಐತಿ. ಮ್ಯಾನೇಜರ್ ಬಂದು ನಿಂತ ಕೂಡ್ಲೆ ಬಂದ್ ಬೀಳ್ತದ!”

ಹೀಗೆ ಮನೆಯಲ್ಲಿ ಮಾನ ಹೋದರೂ ಹೊರಗೆ ಭಾವನ ಹಳದಿ ಭಕ್ತಿ ಮಾತ್ರ ದಿನದಿನಕ್ಕೆ ಏರುತ್ತಲೇ ಹೋಯಿತು. ಆ ಪಿಕಪ್ ಟ್ರಕ್ಕಿನ ಪಕ್ಕದ ಮನೆಯವನಿದ್ದಾನಲ್ಲ, ಅವನ ಹೆಸರು ಗ್ಯಾರಿ. ಆರಡಿ ಮೀರಿದ ಆಳು, ಕೆಂಪು ಗಡ್ಡ, ಮಹಾ ಒಳ್ಳೆಯವನು. ಆದರೆ ಹಸಿರು! ಅವನ ಅಪ್ಪ ಹಸಿರು, ತಾತ ಹಸಿರು, ಮನೆಯ ನಾಯಿಯ ಕೊರಳಪಟ್ಟಿ ಕೂಡ ಹಸಿರು. ಬೇಲಿಯ ಆಚೆಗೊಬ್ಬ ಈಚೆಗೊಬ್ಬ ನಿಂತು ಯಾರ ಗಾಡಿ ಹೆಚ್ಚು ವರ್ಷ ಬಾಳುತ್ತದೆ ಎಂದು ವಾದಿಸತೊಡಗಿದರೆ ಎರಡೂ ಮನೆಯ ಊಟ ಆರಿ ತಣ್ಣಗಾಗುತ್ತಿತ್ತು. ಆ ಚಳಿಗಾಲಗಳಲ್ಲಿ ಅಕ್ಕ ಪುದೀನ ಚಟ್ನಿ ಬಡಿಸಿದರೆ ಭಾವ ತಟ್ಟೆಯ ಅಂಚಿಗೆ ಸರಿಸಿ, “ಇದು ಗ್ಯಾರಿ ಪಾರ್ಟಿ,” ಎನ್ನುತ್ತಿದ್ದರು. ಚಿತ್ರಾನ್ನ ಮಾತ್ರ ಎಷ್ಟು ಬಡಿಸಿದರೂ ಬೇಡವೆನ್ನುತ್ತಿರಲಿಲ್ಲ.

ಒಂದು ಸಲವಂತೂ ಕಂಪನಿಗೇ ಫೋನ್ ಮಾಡಿದರು. ದೂರು ಕೊಡಲಿಕ್ಕಲ್ಲ, ಹೊಗಳಲಿಕ್ಕೆ! “ನಿಮ್ಮ ಗಾಡಿ ಇಷ್ಟು ವರ್ಷ ಆದ್ರೂ ಚಿನ್ನದಂಗಿದೆ,” ಎಂದು ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದರು. ಆ ಕಡೆಯ ಹುಡುಗಿ ಕೇಳಿ ಮುಗಿಸಿ, “ಸರಿ ಸರ್, ಈಗ ತೊಂದರೆ ಏನು?” ಎಂದಳು. “ತೊಂದರೆ ಏನೂ ಇಲ್ಲ.” “ಹಾಗಾದರೆ ಯಾಕೆ ಫೋನ್ ಮಾಡಿದಿರಿ?” “ತೊಂದರೆ ಇಲ್ಲ ಅಂತ ಹೇಳೋಕೆ.” ಪಾಪ, ಅವಳಿಗೆ ಈ ಥರದ ಗಿರಾಕಿಯನ್ನು ಯಾರಿಗೆ ದಾಟಿಸಬೇಕೆಂದೇ ತಿಳಿಯದೆ ತನ್ನ ಮೇಲಿನವರಿಗೆ ಕೊಟ್ಟಳು. ಅವರು ಅವರ ಮೇಲಿನವರಿಗೆ. ಮಧ್ಯಾಹ್ನವೆಲ್ಲ ಭಾವ ಸ್ಪೀಕರ್ ಹಾಕಿಕೊಂಡು, ಕಾಯಿಸುವಾಗ ಅವರು ಹಾಕುವ ಸಂಗೀತ ಕೇಳುತ್ತ ಕುಳಿತಿದ್ದರು. ಅಷ್ಟು ಹೊತ್ತೂ ಅಕ್ಕ ಹಿಂದಿನಿಂದ, “ನನ್ನೆದುರು ಸ್ಟಾರ್ಟ್ ಆಗಲ್ಲ ಅಂತ ಹೇಳ್ರೀ, ಅದನ್ನೂ ಹೇಳಿ!” ಎಂದು ಕೂಗುತ್ತಿದ್ದಳು.

ಕನ್ನಡ ಸಂಘದ ಯುಗಾದಿಯಲ್ಲಿ ನಡೆದದ್ದು ಇದಕ್ಕಿಂತ ಘೋರ. ಹೊಸದಾಗಿ ಬೆಂಗಳೂರಿನಿಂದ ಬಂದ ಸಾಧು ಮನುಷ್ಯನೊಬ್ಬ ಹೋಳಿಗೆಯ ಸಾಲಿನಲ್ಲಿ ಭಾವನ ಪಕ್ಕ ನಿಂತಿದ್ದ. ಭಾವ ಎಂದಿನಂತೆ, “ನಿಮ್ದು ಯಾವ ಕಲರ್ರೀ?” ಎಂದರು.

ಅವನು ನಾಚಿಕೊಂಡು, “ಗ್ರೀನ್ ಸಾರ್. ಅಪ್ಲೈ ಮಾಡಿದೀನಿ. ಇನ್ನೂ ಬಂದಿಲ್ಲ,” ಎಂದ.

ಭಾವ ಹೌಹಾರಿದರು. “ಅಯ್ಯಯ್ಯೋ! ಬೇಡ ರೀ, ಇವತ್ತೇ ಕ್ಯಾನ್ಸಲ್ ಮಾಡ್ಸಿ! ಗ್ರೀನ್ ನಂಬ್ಕೊಂಡವರನ್ನೆಲ್ಲ ನಾನು ನೋಡಿದೀನಿ. ಶುರೂನಲ್ಲಿ ಚೆನ್ನಾಗೇ ಇರತ್ತೆ, ನಡುದಾರೀಲಿ ಕೈಕೊಡತ್ತೆ. ಹೆಂಡತಿ ಮಕ್ಕಳನ್ನ ಕಟ್ಕೊಂಡು ಚಳೀಲಿ ನಿಲ್ಬೇಕಾಗತ್ತೆ!”

ಆ ಮನುಷ್ಯನ ಮುಖ ಬಿಳಿಚಿಕೊಂಡಿತು. ತಟ್ಟೆಯನ್ನು ಅಲ್ಲೇ ಇಟ್ಟು, “ನಮ್ಮ ಲಾಯರ್ ಏನೂ ಹೇಳಲೇ ಇಲ್ವಲ್ಲ ಸಾರ್,” ಎಂದು ನಡುಗತೊಡಗಿದ. “ಲಾಯರ್ ಯಾಕ್ರೀ? ಒಂದ್ ಒಳ್ಳೇ ಮೆಕ್ಯಾನಿಕ್ ಕೇಳಿ!” ಎಂದರು ಭಾವ. ಅವನು ಕಾಯುತ್ತಿದ್ದದ್ದು ಗ್ರೀನ್ ಕಾರ್ಡಿಗೆ, ಭಾವ ಬೈದದ್ದು ಗ್ರೀನ್ ಗಾಡಿಗೆ ಎಂದು ಅವನಿಗೆ ಬಿಡಿಸಿ ಹೇಳಿ, ನೀರು ಕುಡಿಸಿ, ಮತ್ತೆ ಸಾಲಿಗೆ ನಿಲ್ಲಿಸುವಷ್ಟರಲ್ಲಿ ಹೋಳಿಗೆ ಮುಗಿದಿತ್ತು.

ಭಾವ ಗ್ಯಾರಿಯ ಜೊತೆ ಸ್ನೋಮೊಬೈಲ್ ಕ್ಲಬ್ಬಿಗೂ ಸೇರಿದ್ದರು. ಉತ್ತರ ಮಿಷಿಗನ್ನಿನ ಕಾಡುದಾರಿಗಳಲ್ಲಿ ಸಾಲಾಗಿ ಹೋಗುವುದು, ಎಲ್ಲೋ ನಿಂತು ಸೂಪು ಕುಡಿಯುವುದು, ಬಣ್ಣದ ಮೇಲೆ ಜಗಳ ಆಡುವುದು, ವಾಪಸ್ ಬರುವುದು, ಇಷ್ಟೇ ಕ್ಲಬ್ಬಿನ ಕೆಲಸ. ಮೊದಲ ಸಲ ಹೋಗಿಬಂದ ದಿನ ಭಾವ ಕೆಂಡವಾಗಿದ್ದರಂತೆ.

“ಎದುರುಗಡೆಯಿಂದ ಒಬ್ಬ ಹಸಿರು ಗಾಡಿಯವನು ಬಂದ ಕಣೇ. ನನ್ನ ಗಾಡಿ ನೋಡಿದೋನೇ ಮೂರು ಬೆರಳು ಎತ್ತಿ ತೋರಿಸಿದ! ಹಿಂಗೆ!” ಎಂದು ಅಕ್ಕನಿಗೆ ಮಾಡಿ ತೋರಿಸಿದರು. “ಮೂರು ನಾಮ! ಹಳದಿ ಗಾಡಿ ತಗೊಂಡಿದೀಯಲ್ಲ, ನಿಂಗೆ ಮೂರು ನಾಮ ಹಾಕಿದಾರೆ ಅಂತ ಅವನ ಅರ್ಥ. ನಾನೇನು ಬಿಡ್ತೀನಾ? ನಾನೂ ತೋರಿಸ್ದೆ!”

ಇವರು ವಾಪಸ್ ಮೂರು ನಾಮ ತೋರಿಸಿದ್ದರಿಂದ ದೊಡ್ಡ ರಾದ್ಧಾಂತವೇ ಆಯಿತು. ಹಿಮದ ದಾರಿಯಲ್ಲಿ ಎದುರಾಗುವವರಿಗೆ ತನ್ನ ಹಿಂದೆ ಇನ್ನೂ ಎಷ್ಟು ಗಾಡಿ ಬರುತ್ತಿವೆ ಎಂದು ಬೆರಳೆತ್ತಿ ತೋರಿಸುವುದು ಅಲ್ಲಿನ ಪದ್ಧತಿ. ತಿರುವಿನಲ್ಲಿ ಡಿಕ್ಕಿಯಾಗದಿರಲಿ ಎಂದು. ಮೂರು ಬೆರಳೆಂದರೆ ಹಿಂದೆ ಮೂವರಿದ್ದಾರೆ. ಮುಚ್ಚಿದ ಮುಷ್ಟಿಯೆಂದರೆ ಕೊನೆಯವನು ನಾನೇ, ನನ್ನ ಹಿಂದೆ ಯಾರೂ ಇಲ್ಲ. ಭಾವನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಪುಣ್ಯಾತ್ಮ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಬಾರದ ಮೂವರಿಗಾಗಿ ಕಾದು ಕಾದು, ಯಾರೋ ಹಳ್ಳಕ್ಕೆ ಬಿದ್ದಿರಬೇಕು ಎಂದು ಹುಡುಕಲು ಜನ ಕಳಿಸಿದನಂತೆ! ಗ್ಯಾರಿ ಕೂರಿಸಿಕೊಂಡು ಪಾಠ ಹೇಳಿದ ಮೇಲೆ ಭಾವ ಕಲಿತರು. ಅಲ್ಲಿಂದಾಚೆಗೆ ಅವರು ಸದಾ ಸಾಲಿನ ಕೊನೆಯಲ್ಲಿ ಹೋಗುವುದು, ಎದುರಾದವರಿಗೆಲ್ಲ ಮುಷ್ಟಿ ತೋರಿಸುವುದು. ಬೇರೆಯವರ ಹಿಂದೆ ಅವರವರ ಹೆಂಡಂದಿರು ಬರುತ್ತಿದ್ದರು. ಅಕ್ಕನದು ಶಪಥ.

ಇನ್ನು ನಿಂಬೆಹಣ್ಣಿನ ಕಥೆ. ಆಯುಧಪೂಜೆಗೆ ಭಾವ ಕಾರಿಗೆ, ಹುಲ್ಲು ಕತ್ತರಿಸುವ ಮೆಷಿನ್ನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹಳದಿ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿ ಎತ್ತುತ್ತಿದ್ದರು. ಒಂದು ವರ್ಷ ದೃಷ್ಟಿಯಾಗದಿರಲಿ ಎಂದು ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಹಿಮ ಬಿದ್ದು ಕ್ಲಬ್ಬಿನವರು ಸೇರಿದ ದಿನ ಹೊಸ ನಿಂಬೆಹಣ್ಣು ಕಟ್ಟಿಕೊಂಡೇ ಹೋದರು. ಅಲ್ಲಿ ಅದನ್ನು ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಯಾಕೆಂದರೆ ಅಮೆರಿಕದಲ್ಲಿ ಪದೇ ಪದೇ ಕೆಟ್ಟು ನಿಲ್ಲುವ ಗಾಡಿಗೆ ‘ಲೆಮನ್’ ಎಂದೇ ಹೆಸರು! ತನ್ನ ಗಾಡಿ ದಂಡಪಿಂಡ ಎಂದು ತಾನೇ ಬೋರ್ಡು ಹಾಕಿಕೊಂಡು ಬಂದವನನ್ನು ಅವರು ಅದೇ ಮೊದಲು ನೋಡಿದ್ದು.

“ಹಳದಿಯವರಲ್ಲಿ ಪ್ರಾಮಾಣಿಕ ನೀನೊಬ್ಬನೇ!” ಎಂದು ಗ್ಯಾರಿ ಬೆನ್ನು ತಟ್ಟಿದ.

ಅದನ್ನು ಹೊಗಳಿಕೆಯೆಂದೇ ತಿಳಿದ ಭಾವ ಎದೆಯುಬ್ಬಿಸಿ, “ನಮ್ಮ ದೇಶದಲ್ಲಿ ಹೊಸ ಗಾಡಿಗೂ ಲೆಮನ್ ಇರಲೇಬೇಕು,” ಎಂದು ವಿವರಿಸಿದರು.

“ಹೊಸದಕ್ಕೂನಾ? ಅಂಗಡಿಯಲ್ಲೇ ಹಾಗೆ ಕೊಡುತ್ತಾರಾ?”

“ಇಲ್ಲ ಇಲ್ಲ, ಅದನ್ನ ನಾವೇ ಮಾಡ್ಕೋಬೇಕು!”

ಭಾರತದ ವಾಹನೋದ್ಯಮದ ಬಗ್ಗೆ ಆ ಕ್ಲಬ್ಬಿನವರಿಗೆ ಅಂದು ಹುಟ್ಟಿದ ಅನುಕಂಪ ಇನ್ನೂ ಹೋಗಿರಲಾರದು. ಆದರೆ ಆ ದಿನ ದಾರಿಯಲ್ಲಿ ಏನಾಯಿತು ಗೊತ್ತೇ? ಹಸಿರು ಗಾಡಿಯೊಂದು ಬೆಲ್ಟು ಕಿತ್ತುಕೊಂಡು ನಿಂತಿತು, ಕೆಂಪು ಗಾಡಿಯೊಂದು ಹೊಗೆ ಕಾರಿ ಮಲಗಿತು. ನಿಂಬೆಹಣ್ಣಿನ ಹಳದಿ ಗಾಡಿ ಮಾತ್ರ ಒಂದು ಸಲವೂ ಕೆಮ್ಮದೆ ಓಡಿತು. ಮುಂದಿನ ಚಳಿಗಾಲಕ್ಕೆ ಆ ಗಡ್ಡದ ದಾಂಡಿಗರೆಲ್ಲ ಗುಟ್ಟಾಗಿ ಬಂದು ಭಾವನ ಕೈಯಿಂದ ನಿಂಬೆಹಣ್ಣು ಕಟ್ಟಿಸಿಕೊಂಡು ಹೋದರು. ಅಕ್ಕ ಸಾರಿಗೆ ಹಿಂಡಲು ಮನೆಯಲ್ಲಿ ಒಂದೇ ಒಂದು ನಿಂಬೆಹಣ್ಣು ಉಳಿಯಲಿಲ್ಲ.

ಇದನ್ನೆಲ್ಲ ಗ್ಯಾರಿ ಹೇಳಿದರೂ ಅಕ್ಕ ನಂಬುತ್ತಿರಲಿಲ್ಲ. “ಕಾಡಲ್ಲಿ ಓಡತ್ತಂತೆ, ಬೆಟ್ಟ ಹತ್ತತ್ತಂತೆ! ನನ್ನೆದುರು ಒಂದ್ಸಲ ಕೆಮ್ಮಲಿ ನೋಡೋಣ!”

ಹೀಗಿರುವಾಗ ಬಂತು ಮಾರಾಟದ ಪ್ರಸಂಗ. ಶುಕ್ರವಾರ ಸಂಜೆ ನಾವಿಬ್ಬರೂ ವಿಕ್ಸಮ್ ಸೇರಿದೆವು. ಅಕ್ಕ ಅಷ್ಟರಲ್ಲಿ ಗಿರಾಕಿಯನ್ನೂ ಗೊತ್ತು ಮಾಡಿಯಾಗಿತ್ತು. ಯಾರು ಅಂದಿರಿ? ಸಾಕ್ಷಾತ್ ಗ್ಯಾರಿ! ಅವನಿಗೆ ಉತ್ತರದ ಕಾಡಿನಲ್ಲೊಂದು ಮರದ ಮನೆ ಇತ್ತು, ಅಲ್ಲಿ ಸೌದೆ ಎಳೆಯಲು ಒಂದು ಹಳೇ ಗಾಡಿ ಬೇಕಿತ್ತು. ಸ್ಟಾರ್ಟ್ ಆದರೆ ಕೊಳ್ಳುತ್ತೇನೆ ಎಂದಿದ್ದ. ಹಳದಿ ಗಾಡಿ ಕೊನೆಗಾಲದಲ್ಲಿ ಹಸಿರಿನವನ ಸೌದೆ ಹೊರುವುದೇ! ಭಾವ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಸೊಂಟದ ಬೆಲ್ಟು ಸರಿಮಾಡಿಕೊಳ್ಳುತ್ತ, “ಆಯ್ತಮ್ಮ, ನಾದಿನಿ ಹೇಳಿದ್ಮೇಲೆ ಮುಗೀತು. ನಿಮ್ಮಕ್ಕನ ಎದುರಿಗೇ ಸ್ಟಾರ್ಟ್ ಮಾಡ್ತೀನಿ. ಆದ್ರೆ ತಗೊಂಡು ಹೋಗ್ಲಿ,” ಎಂದರು. ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಅನುಮಾನ ಬಂತು.

ಶನಿವಾರ ತಿಂಡಿಯಾದ ಮೇಲೆ ಎಲ್ಲರೂ ಅಂಗಳದಲ್ಲಿ ಸೇರಿದೆವು. ಗ್ಯಾರಿ ಕೈಕಟ್ಟಿ ನಿಂತಿದ್ದ. ಅಕ್ಕನ ಮಗಳು ಕಿಟಕಿಯಿಂದ ತಲೆ ಹಾಕಿ, “ಡ್ಯಾಡ್, ಪ್ಲೀಸ್, ನಾಟ್ ಅಗೇನ್!” ಎಂದು ಕಿಟಕಿ ಮುಚ್ಚಿಕೊಂಡಳು. ಅಕ್ಕ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಗಾಡಿಯ ಹತ್ತಿರ ಹೋಗಿ ಮೆಲ್ಲಗೆ ಮಾತಾಡಿಸಿದಳು. “ನೋಡಮ್ಮ ತಾಯಿ, ನಂಗೂ ನಿಂಗೂ ಜಗಳ ಇರ್ಬೋದು. ಅವರ ಸೊಂಟದ ಮುಖ ನೋಡಿಯಾದ್ರೂ ಇವತ್ತೊಂದಿನ ಸ್ಟಾರ್ಟ್ ಆಗು.”

“ಸೊಂಟಕ್ಕ ಮುಖ ಎಲ್ಲೈತ್ರಿ ಅಕ್ಕಾರ?” ಎಂದರು ನಮ್ಮವರು. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭಾವ ಮಂಕಿಕ್ಯಾಪು ಬಿಗಿದರು. ಎಳೆದರು. ಗೊಣಗಿತು. ಮತ್ತೆ ಎಳೆದರು. ಮತ್ತೆ ಗೊಣಗಿತು. ಅಕ್ಕ, “ಮೆಲ್ಲಗೆ ರೀ, ಮೆಲ್ಲಗೆ!” ಎನ್ನುತ್ತಿದ್ದಂತೆಯೇ ಭಾವ ಕಾಲು ಕೊಟ್ಟು ಜಗ್ಗಿದರು, ಹಿಡಿ ಕೈಜಾರಿತು, ಮೆತ್ತನೆಯ ಹಿಮದೊಳಗೆ ಧೊಪ್ಪೆಂದು ಬಿದ್ದರು. ಮೇಲೆ ಎರಡು ಬೂಟು, ಒಂದು ಕುಚ್ಚು. ಅಕ್ಕ ಗಂಭೀರವಾಗಿರಬೇಕೆಂದು ತುಟಿ ಕಚ್ಚಿ ಹಿಡಿದಳು, ಮೂಗು ಮುಚ್ಚಿಕೊಂಡಳು, ಆ ಕಡೆ ತಿರುಗಿದಳು. ಕೊನೆಗೆ ತಡೆಯಲಾರದೆ ಭರ್ರೆಂದು ನಕ್ಕು ಹಿಮದ ಮೇಲೆ ಕುಳಿತೇಬಿಟ್ಟಳು. ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ, ಗಂಡನ ಕಡೆ ಬೆರಳು ತೋರಿಸಿ ಮತ್ತೆ ಮತ್ತೆ ನಗು.

ನಾನು ಭಾವನನ್ನು ಎಬ್ಬಿಸಲು ಓಡಿದೆ. ಗಾಡಿಯ ಹ್ಯಾಂಡಲ್ ಹಿಡಿದು ಬಗ್ಗಿದವಳ ಕಣ್ಣಿಗೆ ಅಲ್ಲೊಂದು ಕೆಂಪು ಗುಂಡಿ ಬಿತ್ತು. ಮೇಲಕ್ಕಿದ್ದರೆ ಗಾಡಿ ಆನ್, ಕೆಳಕ್ಕೆ ಒತ್ತಿದ್ದರೆ ಆಫ್ ಎಂದು ಪಕ್ಕದಲ್ಲೇ ಬರೆದಿತ್ತು. ಗುಂಡಿ ಕೆಳಕ್ಕೆ ಒತ್ತಿತ್ತು! ಇದು ಹೀಗಿದ್ದರೆ ಗ್ಯಾರಿಯಲ್ಲ, ಭೀಮಸೇನ ಬಂದು ಹಗ್ಗ ಎಳೆದರೂ ಗಾಡಿ ಸ್ಟಾರ್ಟ್ ಆಗದು.

“ಭಾವ, ಇದು ಆಫ್...” ಎಂದು ಬಾಯಿ ತೆರೆದಿದ್ದೆ. ಹಿಮದೊಳಗಿನಿಂದ ಒಂದು ಕೈ ಬಂದು ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತು. “ಶ್‌ಶ್!”

ತಲೆಯೆತ್ತಿದರೆ ಗ್ಯಾರಿಯೂ ಆ ಗುಂಡಿಯನ್ನೇ ನೋಡುತ್ತಿದ್ದ. ಗುಂಡಿ ನೋಡಿದ, ಬಿದ್ದಿದ್ದ ಭಾವನನ್ನು ನೋಡಿದ, ಹಿಮದ ಮೇಲೆ ಕೂತು ನಗುತ್ತಿದ್ದ ಅಕ್ಕನನ್ನು ನೋಡಿದ. ಆಮೇಲೆ ಗಡ್ಡ ನೀವಿಕೊಂಡು ಗಂಭೀರವಾಗಿ ತೀರ್ಪು ಕೊಟ್ಟ. “ಇದು ಲೆಮನ್. ನನಗೆ ಬೇಡ.” ಅಕ್ಕನಿಗೆ ಟೋಪಿ ಎತ್ತಿ ವಂದಿಸಿ ತನ್ನ ಮನೆಗೆ ನಡೆದ.

ಅಕ್ಕ ಕಣ್ಣೊರೆಸಿಕೊಳ್ಳುತ್ತ ಕಾಫಿಗೆಂದು ಒಳಗೆ ಹೋದಳು. ನಮ್ಮವರು ಕಾಫಿಯ ಹೆಸರು ಕೇಳಿ ಅವಳಿಗಿಂತ ಮುಂಚೆಯೇ ಹೋಗಿದ್ದರು. ನಾನು ಭಾವನನ್ನು ಎಬ್ಬಿಸಿ ಸೀಟಿನ ಮೇಲೆ ಕೂರಿಸಿದೆ.

“ಇಷ್ಟು ವರ್ಷ ಬೇಕೂಂತ್ಲೇ ಆಫ್ ಮಾಡಿಟ್ಕೊಂಡು ಎಳೀತಿದ್ರಾ ಭಾವ?”

“ಮೊದಲನೇ ಸಲ ನಂಗೂ ಗೊತ್ತಿರ್ಲಿಲ್ಲ ಕಣೇ ಪುಟ್ಟಿ,” ಎಂದರು ಭಾವ, ಬೆಲ್ಟಿನೊಳಗೆ ಸೇರಿದ್ದ ಹಿಮ ಕೊಡವುತ್ತ. “ನಿಮ್ಮಕ್ಕ ಒಳಗೆ ಹೋದ್ಮೇಲೆ ಗ್ಯಾರಿ ಬಂದು ಗುಂಡಿ ಎತ್ತಿದ, ಒಂದೇ ಎಳೆತಕ್ಕೆ ಡುರ್ರ್ ಅಂತು. ಅವತ್ತಿಂದ ಇವತ್ತಿನ ತನಕ ಒಂದ್ಸಲಾನೂ ಕೈಕೊಟ್ಟಿಲ್ಲ.”

“ಮತ್ತೆ ಈ ನಾಟಕ ಯಾಕೆ?”

ಅವರು ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಒಳಗೆ ಅಕ್ಕ ಯಾರಿಗೋ ಹೇಳಿಕೊಂಡು ಇನ್ನೂ ನಗುತ್ತಿದ್ದಳು.

“ಅವಳು ಬಂದ ಮೊದಲನೇ ವಿಂಟರ್ ನೀನು ನೋಡಿಲ್ಲ. ಮೈಸೂರಲ್ಲಿ ಬೀದಿಯೋರನ್ನೆಲ್ಲ ಮಾತಾಡಿಸ್ಕೊಂಡು ಇದ್ದೋಳು. ಇಲ್ಲಿ ಕೆಲಸಕ್ಕೆ ವೀಸಾ ಇಲ್ಲ, ಡ್ರೈವಿಂಗ್ ಬರಲ್ಲ, ಮಾತಾಡೋಕೆ ಜನ ಇಲ್ಲ. ನಾನು ಆಫೀಸಿಗೆ ಹೋಗುವಾಗ ಆ ಕಿಟಕಿ ಹತ್ರ ಕೂತಿರೋಳು, ಬಂದಾಗ್ಲೂ ಅಲ್ಲೇ ಕೂತಿರೋಳು. ಅಳ್ತಿರ್ಲಿಲ್ಲ ಕಣೇ. ಅತ್ತಿದ್ರೆ ಏನಾದ್ರೂ ಸಮಾಧಾನ ಹೇಳ್ಬೋದಿತ್ತು. ಒಂದಿನ ಸೂಟ್‌ಕೇಸ್ ಪ್ಯಾಕ್ ಮಾಡಿ ಬಾಗಿಲ ಹತ್ರ ಇಟ್ಟಿದ್ಲು. ಏನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಏನು ಮಾಡ್ಬೇಕೋ ತೋಚ್ಲಿಲ್ಲ. ಸಲಿಕೆ ತರೋಕೆ ಹೋದೋನಿಗೆ ಇದು ಕಾಣ್ತು, ತಂದುಬಿಟ್ಟೆ. ಅವತ್ತು ಬಿದ್ದೆ ನೋಡು, ನಕ್ಳು. ಈ ದೇಶದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಸಂಜೆ ನೋಡಿದ್ರೆ ಸೂಟ್‌ಕೇಸ್ ಬಾಗಿಲ ಹತ್ರ ಇರ್ಲಿಲ್ಲ.”

ಆ ಚಳಿಗಾಲದಲ್ಲಿ ಅಕ್ಕ ಮೈಸೂರಿಗೆ ಫೋನ್ ಮಾಡಿದಾಗಲೆಲ್ಲ, “ಚೆನ್ನಾಗಿದೀನಿ ಕಣೇ, ಹಿಮ ಎಷ್ಟು ಚೆಂದ ಗೊತ್ತಾ!” ಎನ್ನುತ್ತಿದ್ದಳು. ನಾವೆಲ್ಲ ಅವಳ ಅದೃಷ್ಟಕ್ಕೆ ಹೊಟ್ಟೆಕಿಚ್ಚು ಪಡುತ್ತಿದ್ದೆವು. ಈ ಮನುಷ್ಯ ನೋಡಿದರೆ, ಹಳದಿ ಕಂಪನಿಯ ಮಾನಕ್ಕಾಗಿ ಊರೆಲ್ಲ ಜಗಳ ಆಡಿಕೊಂಡು ಬಂದವರು, ಹೊಗಳಲೆಂದೇ ಕಂಪನಿಗೆ ಫೋನ್ ಮಾಡಿದವರು, ಮನೆಯೊಳಗೆ ಮಾತ್ರ ಅದೇ ಗಾಡಿಯನ್ನು ದರಿದ್ರ, ಸವತಿ ಎಂದು ಬೈಸಿಕೊಂಡು ಸುಮ್ಮನಿದ್ದರು. ಅವಳು ನಗಲಿ ಎಂದು.

ನನ್ನ ಮುಖ ನೋಡಿ ಭಾವ ಗಾಬರಿಯಾದರು. “ಅಳ್ಬೇಡ ಮಾರಾಯ್ತಿ, ಗುಟ್ಟು ಹೊರಗೆ ಬಿದ್ದೀತು! ಇಷ್ಟು ಮಾತ್ರ ಜ್ಞಾಪಕ ಇಟ್ಕೋ, ಹಳದಿ ಗಾಡಿ ಕೈಕೊಡಲ್ಲ. ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ನಾ?”

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. “ಗ್ಯಾರಿಗೂ ಬೇಡವಾಯ್ತಲ್ಲ, ಇನ್ಯಾರು ತಗೋತಾರೆ ಇದನ್ನ? ಇರ್ಲಿ ಬಿಡಿ, ಬಿದ್ದಿರ್ಲಿ ಗ್ಯಾರಾಜಲ್ಲಿ. ಆದ್ರೆ ಇನ್ಮೇಲೆ ಬೀಳೋದಾದ್ರೆ ಬೆನ್ನಿಗೆ ದಿಂಬು ಕಟ್ಕೊಂಡು ಬೀಳ್ಬೇಕು, ಹೇಳಿದೀನಿ!” ಎಂದು ಗದರಿದಳು. ಗದರುವಾಗಲೇ ಮತ್ತೆ ನಗು ಬಂತು. ಭಾವನ ಮುಖದಲ್ಲಿ ಆಗ ಕಂಡ ನೆಮ್ಮದಿಯನ್ನು ನಾನು ಮರೆಯಲಾರೆ. ಗುಂಡಿಯ ವಿಷಯವನ್ನು ಅಕ್ಕನಿಗೆ ನಾನು ಇವತ್ತಿಗೂ ಹೇಳಿಲ್ಲ. ಅವಳು ಕನ್ನಡ ಓದುವುದು ಬಿಟ್ಟು ಬಹಳ ದಿನವಾಯಿತು ಎಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ. ನೀವು ಬಾಯಿ ಬಿಡಬೇಡಿ.

ಗಾಡಿಯನ್ನು ಗ್ಯಾರಾಜಿಗೆ ಸೇರಿಸಬೇಕಿತ್ತು. ಅಕ್ಕ ಎದುರಿಗಿದ್ದಾಳೆ, ಸ್ಟಾರ್ಟ್ ಮಾಡುವ ಹಾಗಿಲ್ಲ! ಭಾವ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದರು. “ಇದನ್ನ ತಳ್ಳೋದೂ ನನ್ನ ಹಣೇಲೇ ಬರ್ದಿತ್ತು ನೋಡು!” ಎನ್ನುತ್ತ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಟಿನ ತೋಳು ಮೇಲೆತ್ತಿ, ಹಿಂದಿನಿಂದ ತಳ್ಳತೊಡಗಿದಳು. ಗ್ಯಾರಾಜಿನ ಕಡೆಗೆ ಸ್ವಲ್ಪ ಇಳಿಜಾರು, ಗಾಡಿ ನಿಧಾನವಾಗಿ ಜಾರಿತು.

ಆಗ ಮನೆಯ ಹಿಂದಿನ ಬಯಲಿನಲ್ಲಿ ಯಾರೋ ಅಪರಿಚಿತರು ಸ್ನೋಮೊಬೈಲುಗಳಲ್ಲಿ ಸಾಲಾಗಿ ಬಂದರು. ಮುಂದಿದ್ದವನು ಭಾವನನ್ನು ನೋಡಿ, ಪದ್ಧತಿಯಂತೆ, ನನ್ನ ಹಿಂದೆ ನಾಲ್ವರಿದ್ದಾರೆ ಎಂದು ನಾಲ್ಕು ಬೆರಳು ತೋರಿಸಿದ.

ಭಾವ ಎಡಗೈ ಎತ್ತಿದರು. ಎಂದಿನ ಮುಷ್ಟಿಯೇ ಇರಬೇಕೆಂದು ನೋಡಿದೆ. ಅಲ್ಲ. ಒಂದು ಬೆರಳು.

ಹಿಂದೆ ಅಕ್ಕ ನಗುತ್ತ, ಬೈಯುತ್ತ, ಏದುಸಿರು ಬಿಡುತ್ತ ತಳ್ಳಿಕೊಂಡು ಬರುತ್ತಿದ್ದಳು.